ಅಬ್ರಹಾಮನು ಕೊಂಡ ಹೊಲ



ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಜನರು ಮೊದಲು ಕೇಳುವ ಪ್ರಶ್ನೆ, “ಮಣ್ಣು ಎಷ್ಟೊತ್ತಿಗೆ?” ಎಂಬುದು. ಅಂತ್ಯಕ್ರಿಯೆ ಮುಗಿಸಿ ಬಂದವರು “ಮಣ್ಣಿಗೆ ಹೋಗಿದ್ವಿ” ಎನ್ನುತ್ತಾರೆ. ಕುಣಿಗೆ ಹಿಡಿ ಮಣ್ಣು ಹಾಕುವುದನ್ನು “ಮಣ್ಣು ಕೊಡುವುದು” ಎನ್ನುತ್ತಾರೆ. ಈ ಮಾತಿನಲ್ಲಿ ಒಂದು ದೊಡ್ಡ ಸತ್ಯವಿದೆ. ಸತ್ತವನು ತನಗೆ ಬೇಕಾದ ಮಣ್ಣನ್ನು ತಾನೇ ತೆಗೆದುಕೊಳ್ಳಲಾರ. ಬದುಕಿರುವವರು ಅದನ್ನು ಅವನಿಗೆ ಕೊಡಬೇಕು. ಕೋಟ್ಯಾಧೀಶನಾಗಲಿ, ಕೂಲಿಯವನಾಗಲಿ, ಆ ಒಂದು ದಿನ ಎಲ್ಲರೂ ಇನ್ನೊಬ್ಬರ ಕೈಯನ್ನೇ ಕಾಯುತ್ತಾರೆ.

ಆದರೆ ಆ ಮಣ್ಣು ಎಲ್ಲಿದೆ? ಅದು ಯಾರ ಹೆಸರಿನಲ್ಲಿದೆ? ಅದರ ಮೇಲೆ ಯಾರಿಗೆ ಹಕ್ಕಿದೆ, ಯಾರಿಗೆ ಇಲ್ಲ? ಅದನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ? ಈ ಪ್ರಶ್ನೆಗಳನ್ನು ಸಾವಿನ ಮನೆಯ ಅಂಗಳದಲ್ಲಿ ನಿಂತು ಕೇಳಿದರೆ ಸಿಗುವ ಉತ್ತರ ಒಳ್ಳೆಯದಾಗಿರುವುದಿಲ್ಲ. ಅಲ್ಲಿ ದುಃಖವಿರುತ್ತದೆ, ಅವಸರವಿರುತ್ತದೆ, ಒಮ್ಮೊಮ್ಮೆ ಸಿಟ್ಟೂ ಇರುತ್ತದೆ. ಆದುದರಿಂದ ಮನಸ್ಸು ಶಾಂತವಾಗಿರುವಾಗಲೇ ಇವುಗಳನ್ನು ದೇವರ ವಾಕ್ಯದ ಬೆಳಕಿನಲ್ಲಿ ಯೋಚಿಸೋಣ.

ಪರದೇಶಿಯೊಬ್ಬನ ಬೇಡಿಕೆ

ಆದಿಕಾಂಡದ 23ನೆಯ ಅಧ್ಯಾಯವನ್ನು ಈ ವಾರ ಮನೆಯವರೆಲ್ಲ ಸೇರಿ ಒಮ್ಮೆ ಓದಿರಿ. ಸಾರಳು 127 ವರ್ಷ ಬಾಳಿ ಹೆಬ್ರೋನಿನಲ್ಲಿ ತೀರಿಕೊಂಡಳು. ಅಬ್ರಹಾಮನು ಹೆಂಡತಿಗಾಗಿ ಅತ್ತನು. ಆಮೇಲೆ ಶವದ ಪಕ್ಕದಿಂದ ಎದ್ದು ಊರಿನವರ ಬಳಿಗೆ ಹೋದನು. ಅವರು ಹಿತ್ತಿಯರು, ಅವನ ಕುಲದವರಲ್ಲ, ಅವನ ದೇವರನ್ನು ಆರಾಧಿಸುವವರೂ ಅಲ್ಲ. ತಾನು ಅವರ ನಡುವೆ ಹೊರಗಿನಿಂದ ಬಂದು ತಂಗಿರುವವನು, ಸತ್ತವಳನ್ನು ಹೂಳಲು ತನಗೆ ಸ್ವಂತವಾದ ಒಂದು ತುಂಡು ನೆಲ ಬೇಕು ಎಂದು ಬಿನ್ನವಿಸಿಕೊಂಡನು.

ಅವರು ಒಳ್ಳೆಯವರೇ ಆಗಿದ್ದರು. ನಮ್ಮ ಸಮಾಧಿಗಳಲ್ಲಿ ಉತ್ತಮವಾದುದನ್ನು ಆರಿಸಿಕೋ ಎಂದರು. ಹೊಲದ ಒಡೆಯ ಎಫ್ರೋನನಂತೂ ಹೊಲವನ್ನೂ ಗುಹೆಯನ್ನೂ ಸುಮ್ಮನೆ ಕೊಡುತ್ತೇನೆ ಎಂದನು. ಆದರೆ ಅಬ್ರಹಾಮನು ಒಪ್ಪಲಿಲ್ಲ. ಎಲ್ಲರ ಮುಂದೆ ತಲೆಬಾಗಿ ನಮಸ್ಕರಿಸಿ, ಪೂರ್ತಿ ಬೆಲೆ ತೆಗೆದುಕೋ ಎಂದು ಬೇಡಿಕೊಂಡನು. 400 ಬೆಳ್ಳಿ ಶೆಕೆಲ್‌ಗಳನ್ನು ತೂಗಿ ಕೊಟ್ಟನು. ಊರಬಾಗಿಲಲ್ಲಿ ಸೇರಿದವರೆಲ್ಲ ಸಾಕ್ಷಿಯಾದರು. ಹೊಲ, ಅದರೊಳಗಿನ ಗುಹೆ, ಎಲ್ಲೆಯೊಳಗಿನ ಎಲ್ಲ ಮರಗಳು ಅಬ್ರಹಾಮನ ಸ್ವತ್ತಾದವು ಎಂದು ಪವಿತ್ರ ಗ್ರಂಥ ಬಹಳ ಎಚ್ಚರಿಕೆಯಿಂದ ದಾಖಲಿಸುತ್ತದೆ. ಓದುವಾಗ ಖರೀದಿ ಪತ್ರವನ್ನು ಓದಿದಂತೆಯೇ ಆಗುತ್ತದೆ!

ದೇವರು ಅಬ್ರಹಾಮನಿಗೆ ಇಡೀ ದೇಶವನ್ನೇ ಕೊಡುವೆನೆಂದು ಮಾತು ಕೊಟ್ಟಿದ್ದರು. ಆದರೆ ಅವನು ಆ ದೇಶದಲ್ಲಿ ಹಣ ಕೊಟ್ಟು ತನ್ನದಾಗಿಸಿಕೊಂಡ ಮೊದಲ ಭೂಮಿ ಒಂದು ಸಮಾಧಿಸ್ಥಳ. ಗೋಧಿ ಬೆಳೆಯುವ ಹೊಲವೂ ಅಲ್ಲ, ಬಾವಿಯೂ ಅಲ್ಲ, ಮನೆಯೂ ಅಲ್ಲ. ಮುಂದೆ ಅಬ್ರಹಾಮ, ಇಸಾಕ, ರೆಬೆಕ್ಕ, ಲೇಯ, ಯಕೋಬ ಎಲ್ಲರೂ ಮಕ್ಪೇಲದ ಆ ಗುಹೆಯಲ್ಲಿಯೇ ಮಲಗಿದರು. ಈಜಿಪ್ಟಿನಲ್ಲಿ ಪ್ರಾಣಬಿಟ್ಟ ಯಕೋಬನೂ ತನ್ನನ್ನು ಅಲ್ಲಿಗೇ ಒಯ್ಯಬೇಕೆಂದು ಮಕ್ಕಳಿಂದ ಮಾತು ತೆಗೆದುಕೊಂಡನು.

ಈ ಕಥೆಯಿಂದ ನಾವು ಮೂರು ಸಂಗತಿಗಳನ್ನು ಕಲಿಯಬೇಕು. ಒಂದು, ಸತ್ತವರಿಗೆ ನೆಲ ಕೇಳುವುದು ನಾಚಿಕೆಯ ವಿಷಯವಲ್ಲ. ವಿಶ್ವಾಸಿಗಳ ತಂದೆಯೇ ಅದನ್ನು ಕೇಳಿದನು. ಎರಡು, ಇನ್ನೊಬ್ಬರ ದಯೆ ದೊಡ್ಡದಾದರೂ ಅದನ್ನೇ ನಂಬಿ ಕೂರಬಾರದು. ಇಂದು ಕೊಟ್ಟ ಎಫ್ರೋನ ನಾಳೆ ಇರುವುದಿಲ್ಲ, ಅವನ ಮಕ್ಕಳ ಮನಸ್ಸು ಹೇಗಿರುತ್ತದೋ ಯಾರಿಗೆ ಗೊತ್ತು? ಮೂರು, ಹಕ್ಕನ್ನು ಕೇಳುವಾಗಲೂ ವಿನಯ ಬಿಡಬಾರದು. ಅಬ್ರಹಾಮನು ಎರಡು ಸಾರಿ ಊರಿನವರಿಗೆ ತಲೆಬಾಗಿದನು. ಅದರಿಂದ ಅವನ ಹಕ್ಕು ಕಡಿಮೆಯಾಗಲಿಲ್ಲ.

ಇಪ್ಪತ್ತು ದಿನ ಕಾದ ಶವ

ಇದು ಹಳೆಯ ಕಾಲದ ಮಾತು ಎನ್ನಬೇಡಿರಿ. 2025ರ ಜನವರಿ 7ರಂದು ಛತ್ತೀಸಗಢದ ಬಸ್ತರ್ ಜಿಲ್ಲೆಯ ಛಿಂದವಾಡ ಎಂಬ ಹಳ್ಳಿಯಲ್ಲಿ ಒಬ್ಬ ಕ್ರೈಸ್ತ ಪಾಸ್ಟರ್ ತೀರಿಕೊಂಡರು. ಅವರ ಕುಟುಂಬದ ಹಿರಿಯರನ್ನು ಅದೇ ಊರಿನಲ್ಲಿ ಹೂಳಲಾಗಿತ್ತು. ಆದರೆ ಈ ಸಾರಿ ಊರಿನವರು ಒಪ್ಪಲಿಲ್ಲ. ತಮ್ಮ ಸ್ವಂತ ಹೊಲದಲ್ಲಿಯಾದರೂ ಹೂಳುತ್ತೇವೆಂದರೂ ಆಗಲಿಲ್ಲ. ಮಗನು ಹೈಕೋರ್ಟಿಗೆ ಹೋದನು, ಅಲ್ಲಿ ಪರಿಹಾರ ಸಿಗದೆ ಸುಪ್ರೀಂ ಕೋರ್ಟಿಗೆ ಹೋದನು. ತಂದೆಯ ಶವ ಆಸ್ಪತ್ರೆಯ ಶವಾಗಾರದಲ್ಲಿತ್ತು.

ಜನವರಿ 27ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಕುಟುಂಬದ ಸ್ವಂತ ಹೊಲದಲ್ಲಿ ಹೂಳಲು ಬಿಡಬೇಕೆಂದರು. ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಅವರು ಕ್ರೈಸ್ತರಿಗೆಂದು ಗೊತ್ತುಪಡಿಸಿದ ಸ್ಥಳದಲ್ಲಿಯೇ ಹೂಳಬೇಕೆಂದರು. ಭಿನ್ನಾಭಿಪ್ರಾಯ ಬಂದಾಗ ವಿಷಯ ದೊಡ್ಡ ಪೀಠಕ್ಕೆ ಹೋಗುವುದು ವಾಡಿಕೆ. ಆದರೆ ಶವವನ್ನು ಇನ್ನೂ ಕಾಯಿಸುವುದು ಸರಿಯಲ್ಲವೆಂದು ಇಬ್ಬರೂ ಕೂಡಿ, ಸಂವಿಧಾನದ 142ನೆಯ ವಿಧಿಯಂತೆ, ಸುಮಾರು 20ರಿಂದ 25 ಕಿಲೋಮೀಟರ್ ದೂರದ ಕರ್ಕಪಾಲದಲ್ಲಿ ಹೂಳಲು ಆದೇಶಿಸಿದರು. ಒಬ್ಬ ಮಗನು ತಂದೆಗೆ ಮಣ್ಣು ಕೊಡಲು ಇಪ್ಪತ್ತು ದಿನ ಕಾದನು.

ಇದನ್ನು ಹೇಳುತ್ತಿರುವುದು ಯಾರ ಮೇಲೂ ದ್ವೇಷ ಹುಟ್ಟಿಸಲು ಅಲ್ಲ. ಒಂದು ತಲೆಮಾರಿಗೆ ಅಡ್ಡಿಯಿಲ್ಲದೆ ಸಿಕ್ಕ ನೆಲ ಮುಂದಿನ ತಲೆಮಾರಿಗೆ ಸಿಗದೆ ಹೋಗಬಹುದು ಎಂಬುದನ್ನು ನೆನಪಿಸಲು ಮಾತ್ರ. “ಮೊದಲಿನಿಂದ ಇಲ್ಲೇ ಹೂಳುತ್ತ ಬಂದಿದ್ದೇವೆ” ಎಂಬುದು ಒಳ್ಳೆಯ ಮಾತು. ಆದರೆ ಅದರ ಜೊತೆಗೆ ಕಾಗದವೂ ಇರಬೇಕು.

ನಮ್ಮ ರಾಜ್ಯದಲ್ಲಿ ಈ ಕೊರತೆ ಕ್ರೈಸ್ತರಿಗೆ ಮಾತ್ರ ಇರುವುದಲ್ಲ. ಎಷ್ಟೋ ಹಳ್ಳಿಗಳಲ್ಲಿ ದಲಿತ ಬಾಂಧವರು ಹೂಳಲು ಜಾಗವಿಲ್ಲದೆ ಹಳ್ಳದ ದಂಡೆ, ರಸ್ತೆಯ ಬದಿ ಹುಡುಕಿದ್ದಾರೆ. ಸ್ಮಶಾನವಿಲ್ಲದ ಗ್ರಾಮಗಳಿಗೆ ಜಾಗ ಒದಗಿಸಬೇಕೆಂದು ಕರ್ನಾಟಕ ಹೈಕೋರ್ಟು 2019ರಲ್ಲಿ ಸರ್ಕಾರಕ್ಕೆ ಆದೇಶಿಸಿತು. ಆದೇಶ ಸರಿಯಾಗಿ ಪಾಲನೆಯಾಗಿಲ್ಲವೆಂದು ನ್ಯಾಯಾಂಗ ನಿಂದನೆಯ ಅರ್ಜಿಯೂ ಅದೇ ಕೋರ್ಟಿನ ಮುಂದೆ ಬಂದಿತು. ಹೂಳುವ ಜಾಗಕ್ಕಾಗಿ ನಾವು ಅರ್ಜಿ ಕೊಡುವಾಗ ನಮ್ಮ ಪಕ್ಕದ ಓಣಿಯ ಬಡವನ ಅರ್ಜಿಯನ್ನೂ ಹಿಡಿದು ಹೋದರೆ, ಅದು ಶುಭಸಂದೇಶಕ್ಕೆ ಒಪ್ಪುವ ಕೆಲಸ.

ಮಲಗುವ ಸ್ಥಳ

ನಾವು ಸಮಾಧಿಭೂಮಿಗೆ ಇಷ್ಟು ಮಹತ್ವ ಕೊಡುವುದೇಕೆ? ಸತ್ತ ಮೇಲೆ ದೇಹ ಮಣ್ಣಾಗುವುದೇ ಅಲ್ಲವೇ ಎಂದು ನಮ್ಮ ಕಾಲೇಜಿಗೆ ಹೋಗುವ ಮಕ್ಕಳು ಕೇಳಬಹುದು. ಅವರಿಗೆ ಗದರಬೇಡಿರಿ, ಉತ್ತರ ಕೊಡಿರಿ.

ಇಂಗ್ಲಿಷಿನಲ್ಲಿ ಸೆಮೆಟರಿ ಎಂಬ ಮಾತಿದೆ. ಅದು ‘ಕೊಯಿಮೆತೇರಿಯೋನ್’ ಎಂಬ ಗ್ರೀಕ್ ಪದದಿಂದ ಬಂದದ್ದು. ಅದರ ಅರ್ಥ, ಮಲಗುವ ಸ್ಥಳ. ಆದಿ ಕ್ರೈಸ್ತರು ತಮ್ಮವರನ್ನು ಹೂಳುವ ಜಾಗಕ್ಕೆ ಈ ಹೆಸರನ್ನು ರೂಢಿಗೆ ತಂದರು. ಏಕೆಂದರೆ ಮಲಗಿದವನು ಏಳುತ್ತಾನೆ. ಕ್ರಿಸ್ತರು ಸಮಾಧಿಯಿಂದ ಎದ್ದುಬಂದರು. ಅವರಲ್ಲಿ ಮಲಗಿದವರೂ ಏಳುವರು. ಈ ದೇಹ ದೀಕ್ಷಾಸ್ನಾನದ ನೀರನ್ನು ಪಡೆದಿತ್ತು, ಇದರ ನಾಲಿಗೆ ಪರಮಪ್ರಸಾದವನ್ನು ಸ್ವೀಕರಿಸಿತ್ತು, ಇದರ ಕೈಗಳು ಹೊಲದಲ್ಲಿ ದುಡಿದು ಮಕ್ಕಳನ್ನು ಸಾಕಿದ್ದವು. ಅದನ್ನು ಬೇಡವಾದ ವಸ್ತುವಿನಂತೆ ಎಸೆಯಲಾಗುವುದಿಲ್ಲ.

ಹಸಿದವರಿಗೆ ಅನ್ನ ಕೊಡುವುದರಿಂದ ಆರಂಭವಾಗುವ ಏಳು ದಯಾಕಾರ್ಯಗಳಲ್ಲಿ ಏಳನೆಯದು ಸತ್ತವರನ್ನು ಹೂಳುವುದು. ಮೊದಲ ಆರನ್ನು ಸಂತ ಮತ್ತಾಯರ 25ನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ಏಳನೆಯದಕ್ಕೆ ತೊಬೀತನೇ ಆದರ್ಶ. ನಿನೆವೆಯಲ್ಲಿ ಸೆರೆಯಾಳಾಗಿದ್ದ ಅವನು ಗೋಡೆಯಾಚೆ ಎಸೆದಿದ್ದ ತನ್ನ ಜನರ ಶವಗಳನ್ನು ಗುಟ್ಟಾಗಿ ಹೂಳಿದನು. ಅದಕ್ಕಾಗಿ ಆಸ್ತಿಯನ್ನೆಲ್ಲ ಕಳೆದುಕೊಂಡನು. ಆದರೂ ಒಂದು ಹಬ್ಬದ ದಿನ ಊಟದ ತಟ್ಟೆಯನ್ನು ಬಿಟ್ಟು ಎದ್ದು, ಬೀದಿಯಲ್ಲಿ ಬಿದ್ದಿದ್ದ ಅನಾಥ ಶವವನ್ನು ಹೊತ್ತು ತಂದನು. ನೆರೆಯವರು ನಕ್ಕರು. ಅವನು ಬಿಡಲಿಲ್ಲ.

ಕ್ರಿಸ್ತಶಕ 4ನೆಯ ಶತಮಾನದಲ್ಲಿ ಜೂಲಿಯನ್ ಎಂಬ ರೋಮನ್ ಚಕ್ರವರ್ತಿಯಿದ್ದ. ಅವನು ಕ್ರೈಸ್ತ ಧರ್ಮವನ್ನು ಬಿಟ್ಟು ವಿರೋಧಿಯಾದವನು. ಅಂಥವನೇ ತನ್ನ ಪುರೋಹಿತನೊಬ್ಬನಿಗೆ ಬರೆದ ಪತ್ರದಲ್ಲಿ, ಈ ಜನರು ಬೆಳೆಯಲು ಅವರು ಅಪರಿಚಿತರಿಗೆ ತೋರುವ ಪ್ರೀತಿ ಮತ್ತು ಸತ್ತವರ ಸಮಾಧಿಗಳ ಬಗ್ಗೆ ಅವರಿಗಿರುವ ಕಾಳಜಿ ಕಾರಣವೆಂದು ಒಪ್ಪಿಕೊಂಡ. ವಿರೋಧಿಯ ಕಣ್ಣಿಗೂ ಕಾಣುವಷ್ಟು ಚೆನ್ನಾಗಿ ಅವರು ತಮ್ಮ ಸತ್ತವರನ್ನು ನೋಡಿಕೊಂಡಿದ್ದರು. ಇಂದು ನಮ್ಮ ಸಮಾಧಿಭೂಮಿಯ ಮುಂದೆ ಹಾದುಹೋಗುವ ಅನ್ಯಧರ್ಮೀಯನು ನಮ್ಮ ಬಗ್ಗೆ ಏನು ಬರೆದಾನು?

ನಮ್ಮ ಬಾಗಿಲನ್ನು ನಾವೇ ಮುಚ್ಚಬಾರದು

ಪ್ರಿಯರೇ, ಹೊರಗಿನವರು ಮುಚ್ಚುವ ಬಾಗಿಲಿನ ಬಗ್ಗೆ ಮಾತನಾಡುವುದು ಸುಲಭ. ನಾವೇ ಮುಚ್ಚುವ ಬಾಗಿಲಿನ ಬಗ್ಗೆ ಮಾತನಾಡುವುದು ಕಷ್ಟ. ಆದರೂ ಆಡಲೇಬೇಕು.

ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನಲ್ಲಿ ಒಂದು ಕ್ಯಾಥೋಲಿಕ್ ಸಮಾಧಿಭೂಮಿಯ ನಡುವೆ ಗೋಡೆ ಕಟ್ಟಲಾಗಿತ್ತು. ಗೋಡೆಯ ಒಂದು ಕಡೆ ದಲಿತ ಕ್ರೈಸ್ತರು, ಇನ್ನೊಂದು ಕಡೆ ಉಳಿದವರು. ಒಂದೇ ಪೂಜೆ, ಒಂದೇ ಪ್ರಸಾದ, ಆದರೆ ಮಣ್ಣು ಬೇರೆ! ಆ ಗೋಡೆಯ ವಿರುದ್ಧ ಹೋರಾಟಗಳೇ ನಡೆದವು. ನೆರೆಯ ಕೇರಳದಲ್ಲಿ ಮಲಂಕರ ಸಭೆಯ ಎರಡು ಬಣಗಳ ನಡುವಿನ ವ್ಯಾಜ್ಯ ಸುಪ್ರೀಂ ಕೋರ್ಟಿನ 2017ರ ತೀರ್ಪಿನ ನಂತರ ಸಮಾಧಿಯ ಬಾಗಿಲಿಗೂ ಬಂದಿತು. ತಂದೆತಾಯಿ ಮಲಗಿದ ಜಾಗದಲ್ಲಿ ಮಕ್ಕಳನ್ನು ಹೂಳಲಾಗದೆ ಕುಟುಂಬಗಳು ಒದ್ದಾಡಿದವು. ಕೊನೆಗೆ 2020ರಲ್ಲಿ ಕೇರಳ ವಿಧಾನಸಭೆ ಇದಕ್ಕೆಂದೇ ಒಂದು ಕಾಯಿದೆ ಮಾಡಬೇಕಾಯಿತು. ಪ್ರೀತಿ ಮಾಡಬೇಕಾದ ಕೆಲಸವನ್ನು ಕಾಯಿದೆ ಮಾಡಿತು.

ಪವಿತ್ರ ಗ್ರಂಥ ಬೇರೊಂದು ಚಿತ್ರವನ್ನು ನಮ್ಮ ಮುಂದಿಡುತ್ತದೆ. ಅಬ್ರಹಾಮನು ತೀರಿಕೊಂಡಾಗ ಅವನನ್ನು ಮಕ್ಪೇಲದಲ್ಲಿ ಹೂಳಿದವರು ಯಾರು? ಇಸಾಕ ಮತ್ತು ಇಷ್ಮಾಯೇಲ ಇಬ್ಬರೂ. ಮನೆಯಿಂದ ಹೊರಗೆ ಕಳುಹಿಸಲ್ಪಟ್ಟಿದ್ದ ಇಷ್ಮಾಯೇಲ ಬಂದನು. ಇಸಾಕ ಅವನನ್ನು ತಡೆಯಲಿಲ್ಲ. ಬದುಕಿನಲ್ಲಿ ಬೇರೆಯಾದ ಅಣ್ಣತಮ್ಮಂದಿರು ತಂದೆಯ ಮಣ್ಣಿನಲ್ಲಿ ಒಂದಾದರು.

ಇನ್ನೊಂದು ಸೂಕ್ಷ್ಮವಾದ ಮಾತು. “ಅವರು ವರ್ಗಣಿ ಕೊಟ್ಟಿಲ್ಲ, ಹೂಳಲು ಯಾಕೆ ಬಿಡಬೇಕು?” ಎಂಬ ಪ್ರಶ್ನೆ ಯಾವ ಊರಿನಲ್ಲಾದರೂ ಏಳಬಹುದು. ಎಲ್ಲರೂ ವರ್ಗಣಿ ಕೊಡಬೇಕು, ಸರಿಯೇ. ಬಾಕಿಯಿದ್ದರೆ ಬದುಕಿದ್ದಾಗ ಅವರ ಮನೆಗೆ ಹೋಗಿ ಕೇಳೋಣ. ಆದರೆ ಶವವನ್ನು ಅಡವಿಟ್ಟುಕೊಂಡು ಬಾಕಿ ವಸೂಲಿ ಮಾಡುವುದು ಕ್ರೈಸ್ತರಿಗೆ ತಕ್ಕದ್ದಲ್ಲ. ಧರ್ಮಸಭೆಯ ಕಾನೂನು ಸಂಹಿತೆ 1181ನೆಯ ನಿಯಮದಲ್ಲಿ, ಅಂತ್ಯಕ್ರಿಯೆಯಲ್ಲಿ ಮುಖ ನೋಡಿ ಭೇದ ಮಾಡಬಾರದು, ಬಡವರಿಗೆ ತಕ್ಕ ಅಂತ್ಯಕ್ರಿಯೆ ತಪ್ಪಬಾರದು ಎಂದು ವಿಧಿಸುತ್ತದೆ. ಇದು ಹೊಸ ಮಾತೂ ಅಲ್ಲ. ಸಂತ ಹಿಪ್ಪೊಲಿತರದೆಂದು ಹೇಳಲಾಗುವ ಪುರಾತನ ‘ಪ್ರೇಷಿತ ಪರಂಪರೆ’ ಎಂಬ ಗ್ರಂಥದಲ್ಲಿ, ಸಮಾಧಿಸ್ಥಳ ಬಡವರದಾದುದರಿಂದ ಭಾರವಾದ ಶುಲ್ಕ ಹೊರಿಸಬಾರದು, ಕುಣಿ ತೋಡಿದವನ ಕೂಲಿ ಮತ್ತು ಹಂಚುಗಳ ಬೆಲೆಯನ್ನು ಮಾತ್ರ ತೆಗೆದುಕೊಳ್ಳಬೇಕು, ಅಲ್ಲಿ ಕಾಯುವವರನ್ನು ಧರ್ಮಾಧ್ಯಕ್ಷರೇ ಪೋಷಿಸಬೇಕು ಎಂಬ ಕಟ್ಟಳೆಯಿದೆ.

ಆತ್ಮಹತ್ಯೆ ಮಾಡಿಕೊಂಡವರನ್ನು ನಮ್ಮ ಭೂಮಿಯಲ್ಲಿ ಹೂಳಬಹುದೇ ಎಂದು ಈಗಲೂ ಕೆಲವರು ಹಿಂಜರಿಯುತ್ತಾರೆ. 1917ರ ಸಂಹಿತೆಯಲ್ಲಿ ಅಂಥ ನಿಷೇಧವಿತ್ತು. 1983ರ ಸಂಹಿತೆಯಲ್ಲಿ ಅದು ಇಲ್ಲ. ಸಾಲದ ಹೊರೆಗೆ, ಮನಸ್ಸಿನ ಕಾಯಿಲೆಗೆ ಸೋತ ಆ ಜೀವಗಳಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ. ತಂದೆತಾಯಿ ದೀಕ್ಷಾಸ್ನಾನ ಕೊಡಿಸಬೇಕೆಂದಿದ್ದು ಅದಕ್ಕೆ ಮುಂಚೆಯೇ ತೀರಿಹೋದ ಹಸುಗೂಸುಗಳಿಗೂ ಧರ್ಮಾಧ್ಯಕ್ಷರ ಅನುಮತಿಯಿಂದ ಸಭೆಯ ಅಂತ್ಯಕ್ರಿಯೆ ಸಲ್ಲುತ್ತದೆ. ಬೇರೆ ಸಭೆಗೆ ಸೇರಿದ ಕ್ರೈಸ್ತನಿಗೂ, ಅವನ ಬೋಧಕ ಸಿಗದಿದ್ದಾಗ, ಅದೇ ಅನುಮತಿಯಿಂದ ನಮ್ಮ ಗುರುಗಳು ಅಂತ್ಯಕ್ರಿಯೆ ನಡೆಸಬಹುದು. ನಮ್ಮ ಐದು ತಾಲೂಕುಗಳಲ್ಲಿ ಕ್ರೈಸ್ತ ಕುಟುಂಬಗಳೇ ಕಡಿಮೆ, ಅವೂ ಚೆದುರಿಹೋಗಿವೆ. ಇಲ್ಲಿ ಕ್ಯಾಥೋಲಿಕ್, ಪ್ರೊಟೆಸ್ಟಂಟ್ ಎಂದು ಕುಣಿಯ ಅಂಚಿನಲ್ಲಿ ಜಗಳವಾಡುವಷ್ಟು ಜನ ನಾವಿಲ್ಲ, ಅದಕ್ಕೆ ಬೇಕಾದ ಭೂಮಿಯೂ ನಮ್ಮಲ್ಲಿಲ್ಲ.

ಕಾಯುವವನ ಗೌರವ

ರೋಮಿನ ಆಪ್ಪಿಯ ಮಾರ್ಗದಲ್ಲಿ ಸಂತ ಕಲಿಸ್ತರ ಹೆಸರಿನ ನೆಲದಡಿಯ ಸಮಾಧಿಭೂಮಿಯಿದೆ. ಕಲಿಸ್ತರು ಮೊದಲು ಗುಲಾಮರಾಗಿದ್ದವರು. ಪೋಪ್ ಜೆಫಿರಿನುಸರು ಅವರನ್ನು ಆ ಸಮಾಧಿಭೂಮಿಯ ಮೇಲ್ವಿಚಾರಕರನ್ನಾಗಿ ನೇಮಿಸಿದರು. ಸುಮಾರು ಕ್ರಿಸ್ತಶಕ 217ರಲ್ಲಿ ಅವರೇ ಪೋಪರಾದರು. ಸತ್ತವರ ಜಾಗವನ್ನು ನೋಡಿಕೊಂಡವರ ಕೈಗೆ ಬದುಕಿರುವವರ ಸಭೆಯೂ ಬಂದಿತು. ಕುಣಿ ತೋಡುವವನನ್ನು, ಸಮಾಧಿ ಕಾಯುವವನನ್ನು ಕೀಳಾಗಿ ಕಾಣುವವರು ಇದನ್ನು ನೆನಪಿಡಬೇಕು. ಮಣ್ಣಿಗೆ ಹೋದ ದಿನ ಅವನ ಕೈಗೆ ನೋಟು ತುರುಕಿ ಮುಖ ತಿರುಗಿಸಬೇಡಿರಿ. ಅವನಿಗೆ ತಕ್ಕ ಕೂಲಿ ಕೊಡಿರಿ, ಜೊತೆಗೆ ಕೂರಿಸಿಕೊಂಡು ಊಟ ಹಾಕಿರಿ.

ನಮ್ಮ ಕಡೆಯ ಮಣ್ಣನ್ನು ನೀವು ಬಲ್ಲಿರಿ. ಎರಿಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಆದುದರಿಂದ ಮೊದಲ ಮಳೆಗೇ ಹೊಸ ಸಮಾಧಿ ಕುಸಿಯುತ್ತದೆ, ಶಿಲುಬೆ ವಾಲುತ್ತದೆ, ಕಟ್ಟೆ ಸೀಳುತ್ತದೆ. ಹೂಳಿದ ಕೂಡಲೇ ಕಲ್ಲು ಕಟ್ಟುವ ಅವಸರ ಬೇಡ; ಒಂದು ಮಳೆಗಾಲ ಕಳೆದು ಮಣ್ಣು ಕೂತ ಮೇಲೆ ಕಟ್ಟಿದರೆ ಉಳಿಯುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಊರುಗಳವರು 2005, 2019 ಮತ್ತು 2021ರ ಮಹಾಪೂರವನ್ನು ಕಂಡಿದ್ದಾರೆ. ಹೊಳೆಯ ನೀರು ಏರುವ ತಗ್ಗಿನಲ್ಲಿ ಹೊಸ ಜಾಗ ಕೇಳಬೇಡಿರಿ, ಕೊಟ್ಟರೂ ಒಪ್ಪಿಕೊಳ್ಳಬೇಡಿರಿ. ಎತ್ತರದ ಜಾಗ ಕೇಳಿರಿ.

ಇನ್ನು ಜಾಲಿಯ ಕಂಟಿ, ಕಾಂಗ್ರೆಸ್ ಕಸ. ವರ್ಷಕ್ಕೊಮ್ಮೆ ನವೆಂಬರ್ 2ರ ಹಿಂದಿನ ದಿನ ಕುಡುಗೋಲು ಹಿಡಿದರೆ ಇವು ಹೋಗುವುದಿಲ್ಲ. ಜಾಲಿಯನ್ನು ಬೇರುಸಹಿತ ತೆಗೆಯಬೇಕು; ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುಂಚೆ ಕೀಳಬೇಕು. ಹೂ ಬಿಟ್ಟ ಮೇಲೆ ಕಿತ್ತರೆ ಬೀಜ ಉದುರಿ ಮರುವರ್ಷ ಇನ್ನಷ್ಟು ಏಳುತ್ತದೆ. ಕಂಟಿ ಬೆಳೆದ ಜಾಗವನ್ನು ನೋಡಿದವನು ಇದಕ್ಕೆ ಒಡೆಯರಿಲ್ಲ ಎಂದುಕೊಳ್ಳುತ್ತಾನೆ. ಮೊದಲು ದನ ಬರುತ್ತವೆ, ಆಮೇಲೆ ತಿಪ್ಪೆ ಬರುತ್ತದೆ, ಆಮೇಲೆ ಬಾಂದು ಸರಿಯುತ್ತದೆ. ಎಷ್ಟೋ ಸಾರಿ ಒತ್ತುವರಿಗೆ ಮೊದಲ ಆಹ್ವಾನ ಕೊಟ್ಟವರು ನಾವೇ ಆಗಿರುತ್ತೇವೆ.

ಜಾಗದ ಅಭಾವವನ್ನೂ ಮರೆಯಬಾರದು. ಸತ್ತವರೆಲ್ಲರಿಗೂ ಶಾಶ್ವತವಾದ ಕಲ್ಲಿನ ಕಟ್ಟೆ ಕಟ್ಟುತ್ತ ಹೋದರೆ ಹತ್ತು ಗುಂಟೆ ಎಷ್ಟು ವರ್ಷಕ್ಕೆ ಸಾಕಾದೀತು? ಗೋವೆಯಲ್ಲಿ ಕೆಲವು ವರ್ಷಗಳ ನಂತರ ಸಮಾಧಿಯನ್ನು ತೆರೆದು, ಅಸ್ಥಿಗಳನ್ನು ಗೌರವದಿಂದ ಬೇರೆಡೆ ಇರಿಸಿ, ಅದೇ ಕುಣಿಯನ್ನು ಇನ್ನೊಬ್ಬರಿಗೆ ಬಳಸುವ ಪದ್ಧತಿಯಿದೆ. ಇದರಲ್ಲಿ ಪಾಪವಿಲ್ಲ. ಯಕೋಬನ ಮಗನಾದ ಯೋಸೇಫನ ಎಲುಬುಗಳನ್ನು ಇಸ್ರಾಯೇಲರು ಈಜಿಪ್ಟಿನಿಂದ ಹೊತ್ತುತಂದು ಶೆಕೆಮಿನಲ್ಲಿ ಹೂಳಲಿಲ್ಲವೇ? ದಹನವನ್ನೂ ಧರ್ಮಸಭೆ 1963ರಿಂದ, ಅದು ವಿಶ್ವಾಸದ ನಿರಾಕರಣೆಗಾಗಿ ಮಾಡಿದ್ದಲ್ಲವಾದರೆ, ತಡೆಯುವುದಿಲ್ಲ. ಆದರೂ ಹೂಳುವುದನ್ನೇ ಹೆಚ್ಚು ಮೆಚ್ಚುತ್ತದೆ. ದಹನ ಮಾಡಿದರೆ ಬೂದಿಯನ್ನು ಚೆಲ್ಲದೆ, ಮನೆಯಲ್ಲಿಟ್ಟುಕೊಳ್ಳದೆ, ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರಲ್ಲಿ ರೋಮ್ ಸೂಚಿಸಿದೆ. ಶ್ರೀಮಂತರು ಎರಡು ಕುಣಿಯ ಜಾಗವನ್ನು ಒಬ್ಬರ ಅಮೃತಶಿಲೆಗೆ ಹಿಡಿದುಕೊಂಡರೆ, ಅವರು ಒಬ್ಬ ಬಡವನ ಹಾಸಿಗೆಯನ್ನು ಕಿತ್ತುಕೊಂಡಂತೆಯೇ.

ಮಾಡಬೇಕಾದ ಕೆಲಸ

ಈಗ ನೀವು ಏನು ಮಾಡಬಹುದು?

ಮೊದಲನೆಯದಾಗಿ, ನಿಮ್ಮ ಊರಿನ ಸಮಾಧಿಭೂಮಿಯ ಉತಾರವನ್ನು ತೆಗೆಸಿ ನೋಡಿರಿ. 9ನೆಯ ಕಾಲಂನಲ್ಲಿ ಯಾರ ಹೆಸರಿದೆ? 11ನೆಯ ಕಾಲಂನಲ್ಲಿ ಏನು ಬರೆದಿದೆ? ಸರ್ಕಾರಿ ಜಾಗವಾಗಿದ್ದರೆ ಅದನ್ನು ಸ್ಮಶಾನಕ್ಕೆಂದು ಕಾಯ್ದಿರಿಸಿದ ಆದೇಶವಿದೆಯೇ? ಕರ್ನಾಟಕ ಭೂಕಂದಾಯ ಕಾಯಿದೆ, 1964ರ 71ನೆಯ ಕಲಮಿನಂತೆ ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಗೊತ್ತುಪಡಿಸಲು ಅವಕಾಶವಿದೆ. ಹಾಗೆ ಗೊತ್ತುಪಡಿಸಿದ ಜಾಗವನ್ನು ಜಿಲ್ಲಾಧಿಕಾರಿಗಳ ಮಂಜೂರಾತಿಯಿಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ನಿಪ್ಪಾಣಿಯವರು ಮತ್ತು ಕಾಗವಾಡದವರು ಒಂದು ಸಂಗತಿ ಗಮನಿಸಬೇಕು. ಇವೆರಡೂ ಹೊಸ ತಾಲೂಕುಗಳು. ಹಳೆಯ ಕಾಗದಗಳಲ್ಲಿ ನಿಪ್ಪಾಣಿ ಕಡೆಯ ಊರುಗಳು ಚಿಕ್ಕೋಡಿ ತಾಲೂಕಿನಲ್ಲಿ, ಕಾಗವಾಡ ಕಡೆಯವು ಅಥಣಿ ತಾಲೂಕಿನಲ್ಲಿ ಇರುತ್ತವೆ. ಹಳೆಯ ದಾಖಲೆ ಸಿಗಲಿಲ್ಲವೆಂದು ಕೈಚೆಲ್ಲುವ ಮುಂಚೆ ಆ ಹೆಸರಿನಲ್ಲಿ ಹುಡುಕಿಸಿರಿ.

ಎರಡನೆಯದಾಗಿ, ಸರ್ವೆಯವರಿಂದ ಅಳೆಸಿ ಬಾಂದುಗಲ್ಲು ನೆಡಿಸಿರಿ. ಪಕ್ಕದ ಹೊಲದವರನ್ನು ಕರೆದು, ಚಹಾ ಕೊಟ್ಟು, ಅವರ ಎದುರಿಗೇ ಅಳೆಸಿರಿ. ಅಬ್ರಹಾಮನು ಊರಬಾಗಿಲಲ್ಲಿ ಮಾಡಿದ್ದು ಇದನ್ನೇ.

ಮೂರನೆಯದಾಗಿ, ಒಂದು ಸಮಾಧಿ ಪುಸ್ತಕ ಇಡಿರಿ. ಯಾರನ್ನು, ಯಾವ ದಿನ, ಯಾವ ಸಾಲಿನಲ್ಲಿ ಹೂಳಲಾಯಿತು ಎಂದು ಬರೆಯಿರಿ. ಹಳೆಯ ಸಮಾಧಿಗಳ ಮೇಲಿನ ಅಕ್ಷರ ಅಳಿಸಿಹೋಗುವ ಮುಂಚೆ ನಕಲು ಮಾಡಿಕೊಳ್ಳಿರಿ. ಈ ಕೆಲಸಕ್ಕೆ ಯುವಕ ಯುವತಿಯರನ್ನು ಹಚ್ಚಿರಿ, ಜೊತೆಗೆ ಊರಿನ ಅಜ್ಜಿಯರನ್ನು ಕೂರಿಸಿರಿ. ಯಾವ ಕಲ್ಲಿನ ಕೆಳಗೆ ಯಾರಿದ್ದಾರೆಂದು ಅವರಿಗೇ ಗೊತ್ತು. ಮರಣವನ್ನು 21 ದಿನಗಳೊಳಗೆ ನೋಂದಾಯಿಸುವುದನ್ನೂ ಮರೆಯಬೇಡಿರಿ; ವಿಧವೆಯ ಪಿಂಚಣಿಗೂ ಮಕ್ಕಳ ವಾರಸಾ ಹಕ್ಕಿಗೂ ಆ ಕಾಗದ ಬೇಕು.

ನಾಲ್ಕನೆಯದಾಗಿ, ಪಂಚಾಯಿತಿಯ ಬಳಿಗೆ ಹೋಗಿರಿ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸ್ಮಶಾನಗಳ ವಿಷಯ ರಾಜ್ಯಗಳಿಗೆ ಸೇರಿದೆ. ಅವುಗಳ ನಿರ್ವಹಣೆ ಗ್ರಾಮ ಪಂಚಾಯಿತಿಯ ಕಾರ್ಯಗಳಲ್ಲಿ ಒಂದು. ದಾರಿ, ನೀರು, ಬೇಲಿ ಕೇಳುವುದು ಭಿಕ್ಷೆಯಲ್ಲ. ಯಾರಾದರೂ ಸಮಾಧಿಗಳನ್ನು ಕೆಡಿಸಿ ಜನರ ಮನಸ್ಸು ನೋಯಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 301ನೆಯ ಕಲಮಿನಂತೆ ಅಪರಾಧ. ಆದರೆ ಪೊಲೀಸ್ ಠಾಣೆ ಮೊದಲ ಮೆಟ್ಟಿಲಾಗದಿರಲಿ. ಮೊದಲು ಊರ ಹಿರಿಯರ ಕಟ್ಟೆಗೆ ಹೋಗಿರಿ.

ಆ ಕಟ್ಟೆಯಲ್ಲಿ ಕೂತವರು ನಮಗೆ ಪರಕೀಯರಲ್ಲ. ನಮ್ಮ ಸೀಮೆಯ ಲಿಂಗಾಯತ ಬಾಂಧವರು ತಮ್ಮವರನ್ನು ಮಣ್ಣಿನಲ್ಲಿಯೇ ಸಮಾಧಿ ಮಾಡುತ್ತಾರೆ. ಅಥಣಿಯ ಗಚ್ಚಿನಮಠದಲ್ಲಿ ಮುರುಘೇಂದ್ರ ಶಿವಯೋಗಿಗಳನ್ನು ಜನ ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ಮುಸ್ಲಿಂ ಬಾಂಧವರಿಗೆ ಖಬರಸ್ತಾನವಿದೆ. ಮಣ್ಣಿನಲ್ಲಿ ಹೂಳುವುದು ಇಲ್ಲಿ ಯಾರೋ ಹೊರಗಿನಿಂದ ತಂದ ಪದ್ಧತಿಯಲ್ಲ. ಸತ್ತವರನ್ನು ಗೌರವಿಸುವುದೆಂದರೆ ಏನೆಂದು ನಮ್ಮ ನೆರೆಯವರಿಗೆ ಚೆನ್ನಾಗಿ ಗೊತ್ತು. ಅವರ ಮನೆಯ ಮಣ್ಣಿಗೆ ನೀವು ಹೋಗುತ್ತೀರಾ? ಹೆಗಲು ಕೊಡುತ್ತೀರಾ? ಹೋಗದವನು ತನ್ನ ಮನೆಯ ಮಣ್ಣಿನ ದಿನ ಊರು ಬರಲಿಲ್ಲವೆಂದು ದೂರಬಾರದು.

ಸಾಲ ಪಡೆದ ಸಮಾಧಿ

ಕೊನೆಯದಾಗಿ ನಮ್ಮ ಪ್ರಭುವನ್ನೇ ನೋಡೋಣ. ತಲೆಯಿಡಲು ಜಾಗವಿಲ್ಲದೆ ಬಾಳಿದ ಯೇಸುವಿಗೆ ಸತ್ತಾಗಲೂ ಸ್ವಂತ ಜಾಗವಿರಲಿಲ್ಲ. ಅರಿಮತ್ತಾಯದ ಯೋಸೇಫನು ಧೈರ್ಯ ಮಾಡಿ ಪಿಲಾತನ ಬಳಿಗೆ ಹೋಗಿ ಶವವನ್ನು ಬೇಡಿದನು. ತನಗಾಗಿ ಬಂಡೆಯಲ್ಲಿ ಕೊರೆಯಿಸಿದ್ದ ಹೊಸ ಸಮಾಧಿಯನ್ನು ಕೊಟ್ಟನು. ನಿಕೊದೇಮನು ಸುಗಂಧದ್ರವ್ಯ ತಂದನು. ಶಿಷ್ಯರಲ್ಲಿ ಬಹಳ ಮಂದಿ ಓಡಿಹೋಗಿದ್ದಾಗ, ಅಂಜುತ್ತ ಅಂಜುತ್ತ ನಂಬಿದ್ದ ಈ ಇಬ್ಬರು ಮುಂದೆ ಬಂದರು. ಲೋಕದ ಅತ್ಯಂತ ದೊಡ್ಡ ಸುದ್ದಿ ಹೊರಟದ್ದು ಆ ಕೊಟ್ಟ ಸಮಾಧಿಯಿಂದಲೇ.

ಅದೇ ವಾರದಲ್ಲಿ ಇನ್ನೊಂದು ಹೊಲದ ಖರೀದಿಯೂ ಆಯಿತು. ಯೂದನು ಹಿಂದಕ್ಕೆ ಎಸೆದ 30 ಬೆಳ್ಳಿ ನಾಣ್ಯಗಳಿಂದ ಮುಖ್ಯ ಯಾಜಕರು ಪರದೇಶಿಗಳನ್ನು ಹೂಳಲು ಕುಂಬಾರನ ಹೊಲವನ್ನು ಕೊಂಡರು. ಅದಕ್ಕೆ ರಕ್ತದ ಹೊಲ ಎಂದು ಹೆಸರಾಯಿತು. ಒಂದು ಹೊಲ ಪ್ರೀತಿಯ ಬೆಳ್ಳಿಯಿಂದ, ಇನ್ನೊಂದು ದ್ರೋಹದ ಬೆಳ್ಳಿಯಿಂದ. ನಮ್ಮ ಸಮಾಧಿಭೂಮಿ ಇವುಗಳಲ್ಲಿ ಯಾವುದನ್ನು ಹೋಲಬೇಕು?

ನವೆಂಬರ್ 1ರಿಂದ 8ರವರೆಗೆ ಸಮಾಧಿಭೂಮಿಗೆ ಭಕ್ತಿಯಿಂದ ಭೇಟಿಯಿತ್ತು ಸತ್ತವರಿಗಾಗಿ ಪ್ರಾರ್ಥಿಸುವವರು, ನಿಯಮಿತ ಷರತ್ತುಗಳನ್ನು ಪಾಲಿಸಿದರೆ, ಶುದ್ಧೀಕರಣ ಸ್ಥಳದ ಆತ್ಮಗಳಿಗಾಗಿ ಪೂರ್ಣ ಪಾಪದಂಡ ವಿಮೋಚನೆಯನ್ನು ಪಡೆಯಬಹುದು. ಮಕ್ಕಬಿಯರ ಕಾಲದಿಂದ ಬಂದ ಈ ಪ್ರಾರ್ಥನೆಯನ್ನು ಬಿಡಬೇಡಿರಿ. ಆದರೆ ಮೇಣದಬತ್ತಿಯ ಜೊತೆಗೆ ಒಂದು ಸಲಿಕೆಯನ್ನೂ ಒಯ್ಯಿರಿ. ನಿಮ್ಮವರ ಸಮಾಧಿಯನ್ನು ಶುಚಿಮಾಡಿದ ಮೇಲೆ ಪಕ್ಕದ, ಯಾರೂ ಬರದ ಸಮಾಧಿಯ ಕಸವನ್ನೂ ಕೀಳಿರಿ. ಅಲ್ಲಿ ಮಲಗಿದವನ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ. ದೇವರಿಗೆ ಗೊತ್ತಿದೆ.

ಪ್ರಾರ್ಥಿಸೋಣ: ಓ ಪ್ರಭುವೇ, ಬೇರೊಬ್ಬರ ಸಮಾಧಿಯಲ್ಲಿ ಮಲಗಿ ನಮ್ಮೆಲ್ಲರ ಸಮಾಧಿಗಳನ್ನು ಪವಿತ್ರಗೊಳಿಸಿದವರು ನೀವು. ನಮ್ಮ ಅಗಲಿದ ಹಿರಿಯರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಿರಿ. ಹೂಳಲು ಜಾಗವಿಲ್ಲದೆ ಅಲೆಯುವ ಕುಟುಂಬಗಳಿಗೆ ಒಬ್ಬ ಯೋಸೇಫನನ್ನು ಕಳುಹಿಸಿರಿ. ಆ ಯೋಸೇಫರು ನಾವೇ ಆಗುವಂತೆ ನಮ್ಮ ಹೃದಯಗಳನ್ನು ತೆರೆಯಿರಿ. ಆಮೆನ್.